ಮೊಟ್ಟೆ ಹೊತ್ತ ಏಡಿಯನ್ನು ಕೊಳ್ಳಬೇಕಾ, ಬಿಡಬೇಕಾ? ನಮ್ಮ ಕಡಲ ಏಡಿಗಳ ಬಗ್ಗೆ ಮಾತಾಡೋಣ

ಅಡುಗೆಮನೆ_ಉಡುಪಿ
ಬುಧವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮೂರು ದಿನದಿಂದ ತಲೆಯಲ್ಲೇ ಕೂತಿದೆ. ಇಲ್ಲಿ ಮೀನುಗಾರರೂ ಇದ್ದೀರಿ, ಓದಿಕೊಂಡವರೂ ಇದ್ದೀರಿ. ಅದಕ್ಕೇ ಇಲ್ಲೇ ಕೇಳೋಣ ಅಂತ ಬಂದೆ.

ಭಾನುವಾರ ಬೆಳಿಗ್ಗೆ ಮಲ್ಪೆಗೆ ಹೋಗಿ ಏಡಿ ತಂದೆ. ಬೆನ್ನ ಮೇಲೆ ಮೂರು ಕೆಂಪು ಚುಕ್ಕೆ ಇರುತ್ತದಲ್ಲ, ಅದು. ಒಂದು ಕೆ.ಜಿ.ಗೆ ಏಳು ಬಂತು. ಮನೆಯಲ್ಲಿ ತೊಳೆಯುವಾಗ ಒಂದನ್ನು ಮಗುಚಿ ಹಾಕಿದೆ. ಹೊಟ್ಟೆಯ ಕೆಳಗಿನ ಮುಚ್ಚಳ ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಸ್ಪಂಜಿನ ಹಾಗೆ ಒಂದು ಉಂಡೆ. ಬೂದು ಬಣ್ಣ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯ ಹಾಗೆ ಕಾಳುಕಾಳು. ಏನು ಮಾಡುವುದು ಗೊತ್ತಾಗದೆ ನಲ್ಲಿಯ ಕೆಳಗೆ ಹಿಡಿದು ಕೆರೆದೆ. ಎಲ್ಲ ಹೋಗಿ ಸಿಂಕಿನ ಜಾಲರಿಯಲ್ಲಿ ಕೆಸರಿನ ಹಾಗೆ ಕೂತಿತು. ಅತ್ತೆ ನೋಡಿ, "ಅದನ್ನು ಯಾರೂ ತಿನ್ನುವುದಿಲ್ಲ ಮಗಾ, ತೆಗೆದು ಬಿಸಾಡು" ಎಂದರು. ಬಿಸಾಡಿದೆ.

ಆಮೇಲೆ ಓದಿದೆ. ಆ ಒಂದೊಂದು ಕಾಳೂ ಒಂದೊಂದು ಮೊಟ್ಟೆಯಂತೆ. ಒಂದು ಏಡಿಯ ಹೊಟ್ಟೆಯಡಿ ಲಕ್ಷಗಟ್ಟಲೆ ಇರುತ್ತವಂತೆ. ಅಂದಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಏಡಿ ತಿನ್ನುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಏಡಿ ಸುಕ್ಕ ಇಲ್ಲದ ತಿಂಗಳಿಲ್ಲ. ಆದರೆ ತಿನ್ನದೇ ಇರುವ ಮೊಟ್ಟೆಗೆ ತೂಕದ ದುಡ್ಡು ಕೊಟ್ಟು, ಮನೆಗೆ ತಂದು, ಚರಂಡಿಗೆ ಬಿಡುವುದು ಯಾವ ನ್ಯಾಯ?

ಮೊಟ್ಟೆ ಇರುವ ಏಡಿಯನ್ನು ಅಂಗಡಿಯಲ್ಲೇ ಗುರುತಿಸುವುದು ಹೇಗೆ? ನಾನೊಬ್ಬಳು ಕೊಳ್ಳದಿದ್ದರೆ ಏನಾದರೂ ಉಪಯೋಗ ಇದೆಯಾ?

—

ಕಾಂಡ್ಲದ_ನೆರಳು
ಬುಧವಾರ, ರಾತ್ರಿ 10.25

ಅಕ್ಕಾ, ಒಳ್ಳೆಯ ಪ್ರಶ್ನೆ. ನಾನು ಮಂಗಳೂರಿನಲ್ಲಿ ಕಡಲ ಜೀವಿಗಳ ಬಗ್ಗೆ ಓದುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮಲ್ಲಿ "ಮೊಟ್ಟೆ ಏಡಿ" ಅಂದರೆ ಎರಡು ಬೇರೆ ಬೇರೆ ವಸ್ತು. ಇಲ್ಲೇ ಎಲ್ಲರಿಗೂ ಗೊಂದಲ ಆಗುವುದು. ಚಿಪ್ಪು ಬಿಡಿಸಿದಾಗ ಒಳಗೆ ಕೇಸರಿ ಬಣ್ಣದ ಗಟ್ಟಿ ಪದಾರ್ಥ ಸಿಗುತ್ತದಲ್ಲ, ಸಾರಿಗೆ ರುಚಿ ಕೊಡುವುದು, ಅದು ಅಂಡಾಶಯ. ಇನ್ನೂ ಹೊರಗೆ ಬರದ ಮೊಟ್ಟೆ. ಜನ ಇಷ್ಟಪಟ್ಟು ಕೇಳಿ ಕೊಳ್ಳುವುದು ಇದನ್ನೇ. ನೀವು ಕೆರೆದು ತೆಗೆದದ್ದು ಎರಡನೆಯದು. ಒಳಗಿನ ಮೊಟ್ಟೆ ಹೊರಬಂದು, ಹೊಟ್ಟೆಯಡಿಯ ಕೂದಲಿನಂಥ ಎಳೆಗಳಿಗೆ ಅಂಟಿಕೊಂಡಿರುವುದು. ತಾಯಿ ಅದನ್ನು ಮರಿ ಆಗುವವರೆಗೆ ಹೊತ್ತು ತಿರುಗುತ್ತದೆ. ಮುಚ್ಚಳ ಎತ್ತಿ ಇಳಿಸಿ ನೀರು ಆಡಿಸುತ್ತದೆ, ಕೊಳೆ ಕೂರದ ಹಾಗೆ ನೋಡಿಕೊಳ್ಳುತ್ತದೆ.

ಅಂಗಡಿಯಲ್ಲಿ ಗುರುತಿಸುವುದು ತುಂಬಾ ಸುಲಭ. ಏಡಿಯನ್ನು ಮಗುಚಿ ನೋಡಿ. ಹೊಟ್ಟೆಯ ಮೇಲಿನ ಮುಚ್ಚಳ ಸಪೂರ ಇದ್ದು ಚೂಪಾಗಿದ್ದರೆ ಗಂಡು. ಅಗಲವಾಗಿ ಗುಮ್ಮಟದ ಹಾಗೆ ದುಂಡಗಿದ್ದರೆ ಬೆಳೆದ ಹೆಣ್ಣು. ಆ ಅಗಲ ಮುಚ್ಚಳ ಎದ್ದು ನಿಂತು ಉಂಡೆ ಕಾಣುತ್ತಿದ್ದರೆ ಅದು ಮೊಟ್ಟೆ ಹೊತ್ತದ್ದು.

ಬಣ್ಣದಿಂದ ದಿನವೂ ಗೊತ್ತಾಗುತ್ತದೆ. ಹೊಸದಾಗಿ ಇಟ್ಟ ಮೊಟ್ಟೆ ಹಳದಿ ಅಥವಾ ಕಿತ್ತಳೆ. ಒಳಗೆ ಮರಿ ಬೆಳೆದು ಕಣ್ಣು ಮೂಡುತ್ತಾ ಹೋದಂತೆ ಕಂದು, ಆಮೇಲೆ ಬೂದು, ಕೊನೆಗೆ ಕಪ್ಪು. ನಮ್ಮ ಕಡಲಿನ ಬಿಸಿಗೆ ಇದಕ್ಕೆಲ್ಲ ವಾರ, ಹತ್ತು ದಿನ ಸಾಕು. ನಿಮ್ಮ ಏಡಿಯದ್ದು ಬೂದು ಅಂದಿರಿ. ಅಂದರೆ ಇನ್ನೊಂದೆರಡು ದಿನದಲ್ಲಿ ಒಡೆಯುವ ಹಂತ.

—

ಅಡುಗೆಮನೆ_ಉಡುಪಿ
ಬುಧವಾರ, ರಾತ್ರಿ 10.31

ಅಯ್ಯೋ. ಒಂದೆರಡು ದಿನವಾ.

—

ಕೋಡಿಬೆಂಗ್ರೆ_ಅಳಿವೆ
ಗುರುವಾರ, ಬೆಳಿಗ್ಗೆ 5.15

ನಾನು ಬಲೆ ಬಿಡುವವನು. ನಾಡದೋಣಿ. ಸ್ವರ್ಣ ಮತ್ತು ಸೀತಾ ಎರಡೂ ಹೊಳೆ ಕಡಲಿಗೆ ಸೇರುವ ಜಾಗ ನಮ್ಮದು. ಅಪ್ಪನ ಕಾಲದಿಂದ ಏಡಿ ಬಲೆ ಹಾಕುತ್ತಿದ್ದೇವೆ. ಸಂಜೆ ತಳಕ್ಕೆ ತಾಗುವ ಹಾಗೆ ಬಲೆ ಬಿಟ್ಟು, ಬೆಳಗಿನ ಜಾವ ಎಳೆಯುವುದು.

ನಮ್ಮ ಬಲೆಯಲ್ಲಿ ಏಡಿ ಜೀವಂತ ಬರುತ್ತದೆ. ಇದು ಮುಖ್ಯ. ಮೊಟ್ಟೆ ಇದ್ದದ್ದೂ ಜೀವಂತವೇ ಇರುತ್ತದೆ. ಹಾಗಾದರೆ ಬಿಡಬಹುದಲ್ಲ ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ ಕೇಳಿ. ಏಡಿ ಬಲೆಗೆ ಬಿದ್ದರೆ ಸುಮ್ನೆ ಇರುವುದಿಲ್ಲ. ಹತ್ತು ಕಾಲಿಗೂ ಬಲೆ ಸುತ್ತಿಕೊಳ್ಳುತ್ತದೆ. ಸಪೂರ ನೈಲಾನ್ ದಾರ, ಒಂದೊಂದು ಗಂಟಿಗೂ ಸಿಕ್ಕು. ಅದನ್ನು ಕಾಲು ಮುರಿಯದೆ ಬಿಡಿಸಬೇಕಾದರೆ ಐದು ನಿಮಿಷ, ಕೆಲವೊಮ್ಮೆ ಹತ್ತು ನಿಮಿಷ. ಅಷ್ಟರಲ್ಲಿ ಅದು ಬೆರಳು ಹಿಡಿಯುತ್ತದೆ. ಕಚ್ಚಿದರೆ ಬಿಡುವ ಜಾತಿ ಅಲ್ಲ. ಹಾಗಾಗಿ ಹೆಚ್ಚಿನವರು ಮೊದಲು ದೊಡ್ಡ ಕಾಲು ಮುರಿದು ಆಮೇಲೆ ಬಿಡಿಸುವುದು. ಇಲ್ಲದಿದ್ದರೆ ಬಲೆ ಕತ್ತರಿಸಬೇಕು. ಬಲೆಗೆ ಎಷ್ಟು ದುಡ್ಡು ಅಂತ ನಮಗೆ ಗೊತ್ತು.

ಆದರೂ ನಮ್ಮ ಅಪ್ಪ ಕಪ್ಪು ಮೊಟ್ಟೆ ಇದ್ದದ್ದನ್ನು ಬಿಡುತ್ತಿದ್ದರು. ದಾರ ಕತ್ತರಿಸಿಯಾದರೂ ಬಿಡುತ್ತಿದ್ದರು. ಯಾಕೆ ಅಂತ ನಾನು ಕೇಳಿದ್ದಕ್ಕೆ, "ಅದು ಹೆರಿಗೆ ಕೋಣೆಗೆ ಹೋಗುವ ಹೆಂಗಸು, ದಾರಿ ಬಿಡು" ಎಂದಿದ್ದರು. ನಾನೂ ಬಿಡುತ್ತೇನೆ. ಹಳದಿ ಮೊಟ್ಟೆಯದನ್ನು ಮಾತ್ರ ಕೆಲವು ಸಲ ತಂದಿದ್ದೇನೆ, ಸುಳ್ಳು ಹೇಳುವುದಿಲ್ಲ. ಮೊಟ್ಟೆ ಇದ್ದ ಏಡಿಗೆ ಮಾರ್ಕೆಟ್ಟಿನಲ್ಲಿ ಅದೇ ರೇಟು ಸಿಗುತ್ತದೆ. ಅಕ್ಕನ ಹಾಗೆ ಹತ್ತು ಮಂದಿ ಮಗುಚಿ ನೋಡಿ ಬೇಡ ಅಂದರೆ ರೇಟು ಬೀಳುತ್ತದೆ. ರೇಟು ಬಿದ್ದರೆ ದೋಣಿಗೆ ಹಾಕಿಕೊಳ್ಳುವವನೂ ಯೋಚನೆ ಮಾಡುತ್ತಾನೆ. ಉಪಯೋಗ ಇದೆಯಾ ಅಂದಿರಲ್ಲ, ಇದೆ.

—

ಟ್ರಾಲ್_ಬೋಟಿನವ
ಗುರುವಾರ, ಮಧ್ಯಾಹ್ನ 1.50

ಕೋಡಿಬೆಂಗ್ರೆ ಅಣ್ಣ ಹೇಳಿದ್ದು ಸರಿ. ನಮ್ಮ ಕತೆ ಬೇರೆ.

ಮಲ್ಪೆಯ ಬೋಟಿನಲ್ಲಿ ಹದಿನೈದು ವರ್ಷ ಆಯಿತು. ಬಲೆ ನೆಲಕ್ಕೆ ತಾಗಿಕೊಂಡು ಎರಡು ಮೂರು ಗಂಟೆ ಎಳೆಯುತ್ತದೆ. ಎತ್ತಿ ಡೆಕ್ಕಿನ ಮೇಲೆ ಸುರಿದಾಗ ಕೆಳಗಿದ್ದ ಏಡಿಯ ಮೇಲೆ ಟನ್ ಲೆಕ್ಕದ ಮೀನಿನ ಭಾರ. ಅರ್ಧಕ್ಕರ್ಧ ಸತ್ತಿರುತ್ತವೆ, ಬದುಕಿದ್ದಕ್ಕೂ ಕಾಲಿಲ್ಲ. ಮೊಟ್ಟೆ ಇದ್ದದ್ದನ್ನು ಕಡಲಿಗೆ ಎಸೆದರೂ ಪ್ರಯೋಜನ ಕಡಿಮೆ. ಆದ್ದರಿಂದ ನಮಗೆ "ಬಿಡಿ" ಅಂತ ಬುದ್ಧಿ ಹೇಳಿದರೆ ಸಾಲದು, ಬಲೆಗೆ ಬೀಳದ ಹಾಗೆ ಮಾಡಬೇಕು.

ಒಂದು ದಾರಿ ಬಲೆಯ ಕೊನೆಯ ಚೀಲ. ನಮ್ಮ ಮಾಮೂಲಿ ಬಲೆಯ ಕಣ್ಣು ವಜ್ರದ ಆಕಾರ. ಎಳೆಯುವಾಗ ಭಾರಕ್ಕೆ ಕಣ್ಣು ಮುಚ್ಚಿಕೊಳ್ಳುತ್ತದೆ, ಕಡ್ಡಿಯೂ ಹೊರಗೆ ಹೋಗುವುದಿಲ್ಲ. ಚೌಕ ಕಣ್ಣಿನ ಚೀಲ ಹಾಕಿದರೆ ಎಳೆದರೂ ಕಣ್ಣು ತೆರೆದೇ ಇರುತ್ತದೆ, ಮರಿ ಮೀನು, ಮರಿ ಏಡಿ ಜಾರಿ ಹೋಗುತ್ತವೆ. ಇದು ಎಲ್ಲ ಬೋಟಿನವರಿಗೂ ಗೊತ್ತು. ಆದರೆ ನಾನೊಬ್ಬ ಹಾಕಿ ಪಕ್ಕದವನು ಹಾಕದಿದ್ದರೆ ಅವನ ಬುಟ್ಟಿ ತುಂಬುತ್ತದೆ, ನನ್ನದು ಖಾಲಿ. ಡೀಸೆಲ್ಲಿನ ಸಾಲ ಇಬ್ಬರಿಗೂ ಒಂದೇ. ಹಾಕಿದರೆ ಎಲ್ಲರೂ ಒಟ್ಟಿಗೆ ಹಾಕಬೇಕು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಾವು ಬೋಟು ಕಟ್ಟುತ್ತೇವೆ. ಅದನ್ನು ಮನಸ್ಸಿಟ್ಟು ಪಾಲಿಸುತ್ತೇವೆ. ಆಗಸ್ಟಿನಲ್ಲಿ ಮೊದಲ ಬಲೆ ಎತ್ತಿದಾಗ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

—

ಕಾಂಡ್ಲದ_ನೆರಳು
ಗುರುವಾರ, ಸಂಜೆ 6.05

ಅಣ್ಣಾ, ಬೋಟಿನಿಂದ ಇಷ್ಟು ನೇರವಾಗಿ ಯಾರೂ ಹೇಳುವುದಿಲ್ಲ. ಧನ್ಯವಾದ.

ಒಂದು ಮಾತು ಸೇರಿಸುತ್ತೇನೆ. ಆ 61 ದಿನ ಒಳ್ಳೆಯದೇ. ಆದರೆ ಚುಕ್ಕೆ ಏಡಿ, ನೀಲಿ ಏಡಿ ಎರಡೂ ನಮ್ಮ ಕಡಲಿನಲ್ಲಿ ಹೆಚ್ಚುಕಡಿಮೆ ವರ್ಷವಿಡೀ ಮೊಟ್ಟೆ ಇಡುತ್ತವೆ. ಕೆಲವು ತಿಂಗಳು ಜಾಸ್ತಿ, ಕೆಲವು ತಿಂಗಳು ಕಡಿಮೆ, ಅಷ್ಟೇ. ಮಳೆಗಾಲದ ರಜೆಯಿಂದ ಮಾತ್ರ ಇವಕ್ಕೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಅದಕ್ಕೇ ಮೊಟ್ಟೆ ಹೊತ್ತದ್ದನ್ನು ಬಿಡುವುದು, ಸಣ್ಣದನ್ನು ಬಿಡುವುದು ಉಳಿದ ಹತ್ತು ತಿಂಗಳೂ ಬೇಕು. ಕೇರಳದಲ್ಲಿ ಇಷ್ಟು ಅಳತೆಗಿಂತ ಸಣ್ಣದನ್ನು ಹಿಡಿಯಬಾರದು ಅಂತ 2015ರಲ್ಲಿ 14 ಜಾತಿಗಳಿಗೆ ನಿಯಮ ತಂದರು. 2017ರಲ್ಲಿ ಅದನ್ನು 58 ಜಾತಿಗಳಿಗೆ ವಿಸ್ತರಿಸಿದರು. ಏಡಿಗಳೂ ಅದರಲ್ಲಿವೆ. ಕೊಳ್ಳುವವರಿಗೆ ನಾನು ಹೇಳುವ ಲೆಕ್ಕ ಇನ್ನೂ ಸುಲಭ. ಬೆನ್ನಿನ ಅಗಲ ನಿಮ್ಮ ಅಂಗೈಗಿಂತ ಕಡಿಮೆ ಇದ್ದರೆ ಬೇಡ ಅನ್ನಿ.

ಟ್ರಾಲ್ ಅಣ್ಣ, ಒಂದು ಕೇಳಬೇಕಿತ್ತು. ಡೆಕ್ಕಿನ ಮೇಲೆ ಸುರಿದಾಗ ಮಾರಾಟಕ್ಕೆ ಹೋಗದ ಏಡಿಗಳು ಎಷ್ಟು ಬಗೆ ಇರುತ್ತವೆ?

—

ಟ್ರಾಲ್_ಬೋಟಿನವ
ಗುರುವಾರ, ರಾತ್ರಿ 8.30

ಲೆಕ್ಕ ಇಟ್ಟವರಾರು. ಹೆಸರೇ ಇಲ್ಲ ಅವಕ್ಕೆ. ನಮಗೆ ಎಲ್ಲವೂ ಡೆಂಜಿ, ತುಳುವಿನಲ್ಲಿ ಏಡಿ ಅಂತ ಅಷ್ಟೇ.

ಒಂದು ಇದೆ, ಎರಡು ಅಗಲ ಕೈಯನ್ನು ಮುಖದ ಮುಂದೆ ಬಾಗಿಲಿನ ಹಾಗೆ ಮುಚ್ಚಿಕೊಂಡು ಕೂರುತ್ತದೆ, ನಾಚಿಕೆ ಆದ ಮದುಮಗಳ ಹಾಗೆ. ಒಂದಕ್ಕೆ ಜೇಡನಂತೆ ಉದ್ದ ಸಪೂರ ಕಾಲು, ಮೈಯೆಲ್ಲ ಕೂದಲು. ಇನ್ನೊಂದು ಬೆನ್ನ ಮೇಲೆ ಚಿಪ್ಪಿನ ತುಂಡು ಹೊತ್ತು ನಡೆಯುತ್ತದೆ. ಕಣ್ಣು ಕಡ್ಡಿಯ ತುದಿಯಲ್ಲಿ ಇರುವುದೂ ಒಂದಿದೆ, ಕಡ್ಡಿ ಅಂದರೆ ಬೆರಳುದ್ದ. ಇವೆಲ್ಲ ಸಣ್ಣ ಮೀನಿನ ಜೊತೆ ಒಂದೇ ರಾಶಿ. ಮೀನು ಒಣಗಿಸಿ ಪುಡಿ ಮಾಡುವ ಫಿಶ್ ಮೀಲ್ ಕಾರ್ಖಾನೆಗೆ ಹೋಗುತ್ತದೆ, ಇಲ್ಲದಿದ್ದರೆ ತೆಂಗಿನ ಬುಡಕ್ಕೆ.

—

ಕಾಂಡ್ಲದ_ನೆರಳು
ಗುರುವಾರ, ರಾತ್ರಿ 9.10

ಅಣ್ಣಾ, ನೀವು ಹೇಳಿದ ನಾಲ್ಕೂ ನಾಲ್ಕು ಬೇರೆ ಬೇರೆ ಕುಟುಂಬ! ಮುಖ ಮುಚ್ಚಿಕೊಳ್ಳುವುದು ಕಲಾಪ್ಪ. ಜೇಡನಂಥದ್ದು ಡೊಕ್ಲಿಯಾ ಇರಬೇಕು. ಚಿಪ್ಪು ಹೊರುವುದು ಡೊರಿಪ್ಪೆಯ ಬಳಗ. ಉದ್ದ ಕಣ್ಣಿನದು ಪೊಡೊಫ್ತಾಲ್ಮಸ್.

ಪ್ರಪಂಚದಲ್ಲಿ ಸುಮಾರು 7,000 ಬಗೆಯ ಏಡಿಗಳಿವೆ. ಭಾರತದ ಕಡಲಿನಲ್ಲೇ 900ಕ್ಕೂ ಹೆಚ್ಚು ಜಾತಿ ದಾಖಲಾಗಿವೆ. ನಮ್ಮ ತಟ್ಟೆಗೆ ಬರುವುದು ನಾಲ್ಕೋ ಐದೋ. ಉಳಿದವುಗಳ ಬಗ್ಗೆ ಯಾರೂ ಕೇಳುವುದೇ ಇಲ್ಲ. ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ ಅಂದಮಾತ್ರಕ್ಕೆ ಕಡಲಿನಲ್ಲಿ ಕೆಲಸ ಇಲ್ಲ ಅಂತಲ್ಲ. ಸತ್ತದ್ದನ್ನು ತಿಂದು ತಳವನ್ನು ಚೊಕ್ಕ ಇಡುವುದು ಇವೇ. ದೊಡ್ಡ ಮೀನಿನ ಹೊಟ್ಟೆ ಸೀಳಿದರೆ ಒಳಗೆ ಸಿಗುವುದೂ ಇವೇ.

ನಮಗೆ ಚೆನ್ನಾಗಿ ಗೊತ್ತು ಅಂದುಕೊಂಡ ಏಡಿಯೂ ಒಂದಲ್ಲ. ನೀಲಿ ಏಡಿಗೆ ಎಲ್ಲ ಕಡೆ ಪೋರ್ಟುನಸ್ ಪೆಲಾಜಿಕಸ್ ಅಂತ ಒಂದೇ ಹೆಸರು ಇತ್ತು. 2010ರಲ್ಲಿ ವಿಜ್ಞಾನಿಗಳು ಪರಿಶೀಲಿಸಿ ಅದನ್ನು ನಾಲ್ಕು ಜಾತಿ ಮಾಡಿದರು. ಹೊಳೆ ಏಡಿಗೂ ಹಾಗೇ ಆಯಿತು. ಎಲ್ಲವನ್ನೂ ಸ್ಕೈಲಾ ಸೆರಾಟಾ ಅನ್ನುತ್ತಿದ್ದರು, 1998ರಲ್ಲಿ ನಾಲ್ಕು ಜಾತಿ ಅಂತಾಯಿತು. ಒಂದೊಂದರ ಬೆಳವಣಿಗೆ ಬೇರೆ, ಮೊಟ್ಟೆ ಇಡುವ ಗಾತ್ರ ಬೇರೆ. ಜಾತಿ ಗೊತ್ತಿಲ್ಲದೆ ಕಾಪಾಡುವುದಾದರೂ ಹೇಗೆ?

—

ಬಂದರಿನ_ಕುರ್ಲಿ
ಶುಕ್ರವಾರ, ಬೆಳಿಗ್ಗೆ 11.00

ನಮ್ಮ ಕೊಂಕಣಿಯಲ್ಲಿ ಏಡಿಗೆ ಕುರ್ಲಿ. ಬೆನ್ನ ಮೇಲೆ ಶಿಲುಬೆ ಗುರುತು ಇರುವ ದೊಡ್ಡ ಏಡಿ ಗೊತ್ತಲ್ಲ, ಕೆಂಪು ಬಿಳಿ ಪಟ್ಟೆಯದ್ದು? ಅಜ್ಜಿ ಅದನ್ನು ಅಡುಗೆ ಮಾಡುವ ಮೊದಲು ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಸಂತ ಫ್ರಾನ್ಸಿಸ್ ಝೇವಿಯರರ ಶಿಲುಬೆ ಬಿರುಗಾಳಿಯಲ್ಲಿ ಕಡಲಿಗೆ ಬಿತ್ತಂತೆ. ಅವರು ದಡಕ್ಕೆ ಬಂದಾಗ ಒಂದು ಏಡಿ ಅದನ್ನು ಹಿಡಿದು ತಂದು ಕೊಟ್ಟಿತಂತೆ. ಆಗಿನಿಂದ ಅದರ ಬೆನ್ನಿಗೆ ಗುರುತು ಅಂತ ಕತೆ.

ಚಿಕ್ಕಂದಿನಲ್ಲಿ ದೋಣಿಯಿಂದ ಮೀನು ಇಳಿಸುವ ಧಕ್ಕೆಗೆ ಹೋದರೆ ಈ ಏಡಿ ಬುಟ್ಟಿಯಲ್ಲಿ ಎದ್ದು ಕಾಣುತ್ತಿತ್ತು. ಈಗ ನಾನು ಹೋಗುವ ದಿನ ಒಂದೋ ಎರಡೋ, ಅದೂ ಸಣ್ಣದು. ದೊಡ್ಡದು ನೇರ ಹೋಟೆಲಿಗೋ ಹೊರದೇಶಕ್ಕೋ ಹೋಗುತ್ತದೆ ಅಂತ ಮಾರುವ ಅಕ್ಕ ಹೇಳಿದರು. ನನ್ನ ಮಗಳಿಗೆ ಆ ಕತೆ ಹೇಳುವಾಗ ತೋರಿಸಲು ಏಡಿ ಇರಬೇಕು ಅನ್ನುವುದಷ್ಟೇ ನನ್ನ ಆಸೆ.

—

ಸುರತ್ಕಲ್_ಬೆಳಗು
ಶುಕ್ರವಾರ, ಸಂಜೆ 7.20

ತಿನ್ನುವ ಏಡಿಯ ಮಾತು ನಡೆಯುತ್ತಿದೆ. ಯಾರೂ ತಿನ್ನದ ಏಡಿಯ ಬಗ್ಗೆಯೂ ಒಂದು ಮಾತು ಹೇಳಲೇ?

ನಾನು ದಿನಾ ಬೆಳಿಗ್ಗೆ ಬೀಚಿನಲ್ಲಿ ನಡೆಯುತ್ತೇನೆ. ಮರಳಿನಲ್ಲಿ ಬಿಲ ಮಾಡುವ ಬಿಳಿಯ ಏಡಿ, ಕಣ್ಣಿನ ಮೇಲೆ ಕೊಂಬು ಇರುವುದು, ಗಾಳಿಯ ಹಾಗೆ ಓಡುತ್ತದೆ. ನೋಡಿದಿರಿ ಅನ್ನುವಷ್ಟರಲ್ಲಿ ಇರುವುದಿಲ್ಲ. ಬೆಳಗಿನ ಜಾವ ಬಿಲದಿಂದ ಒದ್ದೆ ಮರಳನ್ನು ಕಂಕುಳಲ್ಲಿ ಹಿಡಿದು ತಂದು, ಎರಡು ಮೂರು ಹೆಜ್ಜೆ ಮುಂದೆ ಬಂದು ಎಸೆಯುತ್ತದೆ. ನಿಂತು ಕಣ್ಣು ಎತ್ತಿ ಸುತ್ತಲೂ ನೋಡುತ್ತದೆ. ಮತ್ತೆ ಒಳಗೆ. ನಾನು ಕದಲದೆ ನಿಂತು ಕಾಲು ಗಂಟೆ ನೋಡಿದ್ದೇನೆ. ಇಪ್ಪತ್ತಕ್ಕೂ ಹೆಚ್ಚು ಸಲ ಮಣ್ಣು ಹೊತ್ತು ಹೊರಗೆ ಬಂತು.

ಇದರ ಬಿಲ ಉಬ್ಬರದ ಗೆರೆಯ ಮೇಲೆ ಒಣ ಮರಳಿನ ಜಾಗದಲ್ಲಿ ಇರುತ್ತದೆ. ಕಡಲ್ಕೊರೆತಕ್ಕೆ ಅಂತ ಅಲ್ಲಿ ಬಂಡೆ ಸುರಿದರೆ ಆ ಪಟ್ಟಿಯೇ ಇಲ್ಲದಾಗುತ್ತದೆ. ಬಂಡೆ ಹಾಕಿದ ಜಾಗದಲ್ಲಿ ನಾನು ಬಿಲ ಕಂಡಿಲ್ಲ. ಕಡಲ ಪಕ್ಕ ಮನೆ ಇರುವವರ ಸಂಕಟ ನನಗೆ ಗೊತ್ತು, ಮನೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀಪು, ಬೈಕು ತಂದು ಮರಳಿನ ಮೇಲೆ ಓಡಿಸುವುದಕ್ಕೆ ಯಾವ ಅಗತ್ಯ ಇದೆ? ಟೈರಿನ ಗುರುತಿನ ಉದ್ದಕ್ಕೂ ಮುಚ್ಚಿಹೋದ ಬಿಲ, ನಡುನಡುವೆ ಜಜ್ಜಿಹೋದ ಏಡಿ. ಹೊರದೇಶಗಳಲ್ಲಿ ಬೀಚಿನ ಆರೋಗ್ಯ ಅಳೆಯಲು ಈ ಏಡಿಯ ಬಿಲಗಳನ್ನು ಎಣಿಸುತ್ತಾರೆ ಅಂತ ಓದಿದ್ದೇನೆ. ನಾವೂ ಎಣಿಸಬಹುದಲ್ವಾ? ಸೋಮೇಶ್ವರದಿಂದ ಕಾಪುವರೆಗೆ ದಿನಾ ನಡೆಯುವವರು ಎಷ್ಟು ಜನ ಇದ್ದೇವೆ!

—

ಮುಲ್ಕಿ_ಮೇಷ್ಟ್ರು
ಶನಿವಾರ, ಬೆಳಿಗ್ಗೆ 9.00

ನಾನು ಎಣಿಸಲು ಸಿದ್ಧ. ಮಕ್ಕಳನ್ನೂ ಕರೆತರುತ್ತೇನೆ.

ನಮ್ಮ ಶಾಂಭವಿ ಹೊಳೆಯ ಕಡೆಯ ವಿಷಯ ಹೇಳುತ್ತೇನೆ. ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ನೀರು ಇಳಿದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಕೆಸರಿನ ತುಂಬಾ ತೂತು. ಒಂದು ಕೈ ಮಾತ್ರ ದೊಡ್ಡದಿರುವ ಪುಟ್ಟ ಗಂಡು ಏಡಿಗಳು ಆ ಕೈ ಎತ್ತಿ ಎತ್ತಿ ಬೀಸುತ್ತಿದ್ದವು. "ಸರ್, ಟಾಟಾ ಮಾಡುತ್ತಿವೆ" ಅಂತ ಮೂರನೇ ಕ್ಲಾಸಿನ ಹುಡುಗಿ ಕಿರುಚಿದಳು. ಎಲ್ಲ ಒಂದೇ ಸಲ ಬಿಲಕ್ಕೆ ಇಳಿದವು. ಆಮೇಲೆ ಐದು ನಿಮಿಷ ಮೂವತ್ತು ಮಕ್ಕಳು ಉಸಿರು ಬಿಗಿಹಿಡಿದು ಕೂತರು. ತರಗತಿಯಲ್ಲಿ ಅಷ್ಟು ಸುಮ್ಮನೆ ಅವರು ಕೂತದ್ದು ನಾನು ಕಂಡಿಲ್ಲ. ಒಂದೊಂದಾಗಿ ಮತ್ತೆ ಹೊರಗೆ ಬಂದವು.

ಈ ಸಣ್ಣ ಏಡಿಗಳು ಬಿಲ ತೋಡುವುದರಿಂದ ಕೆಸರಿನ ಆಳಕ್ಕೆ ಗಾಳಿ ಹೋಗುತ್ತದೆ, ಕಾಂಡ್ಲದ ಬೇರಿಗೆ ಒಳ್ಳೆಯದು. ಬಿದ್ದ ಎಲೆಯನ್ನು ಬಿಲಕ್ಕೆ ಎಳೆದುಕೊಂಡು ತಿನ್ನುವ ಏಡಿಗಳೂ ಅಲ್ಲೇ ಇವೆ. ಗಿಡ ಏಡಿಗೆ ಮನೆ, ಏಡಿ ಗಿಡಕ್ಕೆ ಗೊಬ್ಬರ.

ಇನ್ನು ದೊಡ್ಡ ಹೊಳೆ ಏಡಿ. ಬೆಳೆದರೆ 2 ಕೆ.ಜಿ. ಮೀರುತ್ತದೆ. ಹೆಣ್ಣು ಮೊಟ್ಟೆ ಇಡಲು ಅಳಿವೆ ದಾಟಿ ಕಡಲಿಗೆ ಹೋಗುತ್ತದೆ. ಮರಿಗಳು ಕಡಲಿನಲ್ಲಿ ಹುಟ್ಟಿ, ಕೆಲವು ವಾರ ತೇಲಿ, ಮತ್ತೆ ಹೊಳೆಯ ಬಾಯಿಗೆ ಬಂದು ಕಾಂಡ್ಲದ ಬುಡದಲ್ಲಿ ಬೆಳೆಯುತ್ತವೆ. ಅಂದರೆ ಅದಕ್ಕೆ ಹೊಳೆಯೂ ಬೇಕು, ಕಡಲೂ ಬೇಕು, ನಡುವಿನ ದಾರಿ ಮುಚ್ಚಿರಬಾರದು. ಅಳಿವೆಯಲ್ಲಿ ಮಿತಿ ಮೀರಿ ಮರಳು ತೆಗೆದು, ದಡದ ಕಾಂಡ್ಲ ಕಡಿದು, ಪ್ಲಾಸ್ಟಿಕ್ ತುಂಬಿಸಿದರೆ ಆ ಸಣ್ಣ ಮರಿ ಎಲ್ಲಿಗೆ ಬರಬೇಕು?

ಕಾಂಡ್ಲ ಕಡಿದ ಜಾಗದಲ್ಲಿ ಮತ್ತೆ ನೆಡಬಹುದು. ನಮ್ಮ ಕಡೆ ನೆಟ್ಟದ್ದು ಬಂದಿದೆ. ನಾಲ್ಕೈದು ವರ್ಷ ಬೇಕು, ಆದರೆ ಏಡಿ ತಾನಾಗಿ ಬರುತ್ತದೆ. ಯಾರೂ ತಂದು ಬಿಡಬೇಕಾಗಿಲ್ಲ.

—

ಪಡುಬಿದ್ರಿ_ತೆರೆ
ಶನಿವಾರ, ಮಧ್ಯಾಹ್ನ 3.15

ಸಣ್ಣ ಸಂಶಯ. ಹುಣ್ಣಿಮೆಗೆ ಏಡಿ ತರಬೇಡಿ, ಮಾಂಸ ಇರುವುದಿಲ್ಲ, ಅಮಾವಾಸ್ಯೆಗೆ ತನ್ನಿ ಅಂತ ನಮ್ಮಮ್ಮ ಹೇಳುತ್ತಾರೆ. ನಿಜವಾ?

—

ಕೋಡಿಬೆಂಗ್ರೆ_ಅಳಿವೆ
ಶನಿವಾರ, ಸಂಜೆ 4.40

ನಾವೂ ಹಾಗೇ ನಂಬಿದ್ದೇವೆ. ಆದರೆ ಅಮಾವಾಸ್ಯೆ ದಿನವೂ ನೀರು ಏಡಿ ಸಿಗುತ್ತದೆ. ಪೊರೆ ಬಿಟ್ಟ ಏಡಿ ಹೊಸ ಚಿಪ್ಪನ್ನು ಹಿಗ್ಗಿಸಲು ನೀರು ತುಂಬಿಕೊಳ್ಳುತ್ತದೆ, ಮಾಂಸ ಆಮೇಲೆ ಬೆಳೆಯುವುದು. ಅದಕ್ಕೆ ತಿಥಿಗಿಂತ ಕೈ ನಂಬಿ. ಹೊಟ್ಟೆಯ ಬದಿಯ ಚಿಪ್ಪನ್ನು ಹೆಬ್ಬೆರಳಲ್ಲಿ ಒತ್ತಿ. ಬಗ್ಗಿದರೆ ನೀರು, ಕಲ್ಲಿನ ಹಾಗಿದ್ದರೆ ತುಂಬಿದ್ದು. ಬಗ್ಗುವುದನ್ನು ಬಿಟ್ಟುಬಿಡಿ. ಹೆಣ್ಣು ಜೊತೆಗೂಡುವುದೂ ಪೊರೆ ಬಿಟ್ಟ ಹೊಸತರಲ್ಲೇ. ಆ ಹೊತ್ತಿನಲ್ಲಿ ಗಂಡು ಅದನ್ನು ತನ್ನ ಅಡಿಯಲ್ಲಿ ಹಿಡಿದು ಕಾಯುತ್ತದೆ. ಬಲೆಯಲ್ಲಿ ಜೋಡಿಯಾಗಿಯೇ ಬರುತ್ತವೆ. ಮೊದಲ ಸಲ ನೋಡಿದಾಗ ಜಗಳ ಅಂದುಕೊಂಡಿದ್ದೆ.

—

ಕಾಂಡ್ಲದ_ನೆರಳು
ಶನಿವಾರ, ರಾತ್ರಿ 10.10

ಒಂದು ಅನುಭವ ಹೇಳಲೇಬೇಕು. ಥಾಯ್ಲೆಂಡಿನ ಮೀನುಗಾರ ಹಳ್ಳಿಗಳಲ್ಲಿ "ಏಡಿ ಬ್ಯಾಂಕ್" ಅಂತ ಇದೆ. ಬಲೆಗೆ ಬಂದ ಮೊಟ್ಟೆ ಏಡಿಯನ್ನು ಮಾರುವ ಬದಲು ತಂದು ಟ್ಯಾಂಕಿನಲ್ಲಿ ಬಿಡುತ್ತಾರೆ. ಮರಿ ಒಡೆದ ಮೇಲೆ ಅವನ್ನು ಕಡಲಿಗೆ ಸೇರಿಸುತ್ತಾರೆ. ಇದನ್ನು ಓದಿ ನಾವು ನಾಲ್ವರು ಗೆಳೆಯರು ಕಳೆದ ವರ್ಷ ಒಂದು ಪ್ರಯತ್ನ ಮಾಡಿದೆವು. ಒಬ್ಬ ಅಣ್ಣನ ಹತ್ತಿರ ಕಪ್ಪು ಮೊಟ್ಟೆಯ ಒಂದು ಏಡಿ ಕೇಳಿ ತಂದೆವು. ಒಂದು ನೀಲಿ ಡ್ರಮ್ಮು, ಕಡಲ ನೀರು, ಮೀನಿನ ತೊಟ್ಟಿಗೆ ಹಾಕುವ ಗಾಳಿ ಮೋಟಾರು. ಅಷ್ಟೇ.

ಮೊದಲ ರಾತ್ರಿ ಏನೂ ಇಲ್ಲ. ಎರಡನೇ ರಾತ್ರಿ ಎರಡೂವರೆಗೆ ಎದ್ದು ಟಾರ್ಚು ಬಿಟ್ಟೆ. ನೀರು ಧೂಳು ತುಂಬಿದ ಹಾಗೆ ಕಂಡಿತು. ನೋಡುತ್ತಿದ್ದಂತೆ ಆ ಧೂಳು ಬೆಳಕಿನ ಕಡೆಗೆ ಸರಿಯತೊಡಗಿತು. ಧೂಳಲ್ಲ, ಮರಿಗಳು. ಟಾರ್ಚನ್ನು ಎಡಕ್ಕೆ ತಂದರೆ ಎಡಕ್ಕೆ, ಬಲಕ್ಕೆ ತಂದರೆ ಬಲಕ್ಕೆ. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟೆವು. ಏಡಿಯ ರೂಪವೇ ಇಲ್ಲ. ದೊಡ್ಡ ಎರಡು ಕಣ್ಣು, ತಲೆ ಮೇಲೊಂದು ಮುಳ್ಳು, ಹಿಂದೆ ಬಾಲ. ಬೆಳಿಗ್ಗೆ ದೋಣಿಯಲ್ಲಿ ಹೋಗಿ ಅಳಿವೆಯ ಆಚೆ ಬಿಟ್ಟು ಬಂದೆವು. ತಾಯಿಯನ್ನೂ.

ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಇಂಥದ್ದು ಒಂದು ಶುರು ಮಾಡಿದರೆ ಹೇಗೆ?

—

ಮುಲ್ಕಿ_ಮೇಷ್ಟ್ರು
ಭಾನುವಾರ, ಬೆಳಿಗ್ಗೆ 7.45

ಓದಿ ಮೈ ಜುಂ ಎಂದಿತು. ಆದರೆ ಒಂದು ಎಚ್ಚರಿಕೆ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ಲಕ್ಷ ಮರಿ ಬಿಟ್ಟರೂ ದೊಡ್ಡ ಏಡಿ ಆಗುವುದು ಬೆರಳೆಣಿಕೆ. ಮಿಕ್ಕದ್ದೆಲ್ಲ ಮೀನಿನ ಆಹಾರ, ಅದೇ ಕಡಲಿನ ಪದ್ಧತಿ. ಟ್ಯಾಂಕು ಇದೆಯಲ್ಲ ಅಂತ ಮೊಟ್ಟೆ ಏಡಿಯನ್ನು ಇನ್ನಷ್ಟು ಹಿಡಿದು ತಂದರೆ ಕೆಲಸ ಕೆಡುತ್ತದೆ. ಹಿಡಿದ ಜಾಗದಲ್ಲೇ ಬಿಟ್ಟರೆ ಖರ್ಚಿಲ್ಲ, ಏಡಿಗೆ ದಾರಿಯೂ ಗೊತ್ತು. ಟ್ಯಾಂಕು ಬೇಕಾಗುವುದು ದಡಕ್ಕೆ ಬಂದುಬಿಟ್ಟ, ಇನ್ನೂ ಜೀವ ಇರುವ ಏಡಿಗೆ ಮಾತ್ರ. ಧಕ್ಕೆಯಲ್ಲೇ ಒಂದು ಡ್ರಮ್ಮು ಇದ್ದರೆ ಅದಕ್ಕೆ ಅರ್ಥ ಇದೆ.

—

ಟ್ರಾಲ್_ಬೋಟಿನವ
ಭಾನುವಾರ, ಬೆಳಿಗ್ಗೆ 8.20

ಧಕ್ಕೆಯಲ್ಲಿ ಡ್ರಮ್ಮು ಇಟ್ಟರೆ ದಿನವೊಂದರ ಟ್ರಿಪ್ಪಿನ ಸಣ್ಣ ಬೋಟಿನವರು ಹಾಕುತ್ತಾರೆ. ನಮ್ಮಂಥ ವಾರಗಟ್ಟಲೆ ಹೋಗುವ ಬೋಟಿನಲ್ಲಿ ಎಲ್ಲ ಐಸಿನಲ್ಲಿ, ಅದು ಆಗದು. ಇನ್ನೊಂದು ವಿಷಯ. ಹರಿದ ಬಲೆಯನ್ನು ಕಡಲಿಗೆ ಎಸೆಯುವುದು ನಿಲ್ಲಿಸಬೇಕು. ನಮ್ಮ ಬಲೆಗೇ ಹಳೇ ಬಲೆ ತುಂಡು ಸಿಕ್ಕಿ ಬರುತ್ತದೆ, ಅದರಲ್ಲಿ ಹತ್ತು ಹದಿನೈದು ಏಡಿ ಸಿಕ್ಕಿಕೊಂಡು ಸತ್ತಿರುತ್ತವೆ. ಯಾರ ಹೊಟ್ಟೆಗೂ ಇಲ್ಲ, ಯಾರ ಜೇಬಿಗೂ ಇಲ್ಲ. ನನ್ನ ಬೋಟಿನಲ್ಲಿ ಒಂದು ಗೋಣಿ ಇಟ್ಟಿದ್ದೇನೆ. ಹರಿದದ್ದು ಅದರೊಳಗೆ, ದಡಕ್ಕೆ ಬಂದ ಮೇಲೆ ಗುಜರಿಗೆ.

—

ಸುರತ್ಕಲ್_ಬೆಳಗು
ಭಾನುವಾರ, ಬೆಳಿಗ್ಗೆ 9.05

ಏಡಿ ಬಿಲ ಎಣಿಸುವುದಕ್ಕೆ ಈವರೆಗೆ ಒಂಬತ್ತು ಮಂದಿ ನನಗೆ ಸಂದೇಶ ಕಳಿಸಿದ್ದಾರೆ. ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ. ಅವರವರ ಬೀಚಿನಲ್ಲಿ ನೂರು ಹೆಜ್ಜೆ ಉದ್ದ, ಉಬ್ಬರದ ಗೆರೆಯಿಂದ ಮೇಲೆ ಹತ್ತು ಹೆಜ್ಜೆ ಅಗಲ. ಎಷ್ಟು ಬಿಲ ಅಂತ ಬರೆದು ಇಲ್ಲೇ ಹಾಕಿ. ಬಿಲ ಅಗೆಯಬೇಡಿ, ಕಡ್ಡಿ ಹಾಕಬೇಡಿ.

—

ಅಡುಗೆಮನೆ_ಉಡುಪಿ
ಭಾನುವಾರ, ಮಧ್ಯಾಹ್ನ 12.30

ಇವತ್ತು ಮತ್ತೆ ಮಲ್ಪೆಗೆ ಹೋಗಿದ್ದೆ. ಯಾವಾಗಲೂ ಕೊಳ್ಳುವ ಅಕ್ಕನ ಹತ್ತಿರವೇ. ಬುಟ್ಟಿಯಿಂದ ಒಂದೊಂದೇ ಎತ್ತಿ ಮಗುಚಿ ನೋಡಿದೆ. ಅಕ್ಕ, "ಏನು ಮಾರಾಯ್ರೆ, ಹೊಸ ಪರೀಕ್ಷೆ?" ಎಂದರು. ಮೊಟ್ಟೆ ಹೊತ್ತದ್ದು ಬೇಡ ಎಂದೆ. ಯಾಕೆ ಅಂತ ಕೇಳಿದರು. ಸಿಂಕಿನ ಕತೆ ಹೇಳಿದೆ, ಬೂದು ಬಣ್ಣ, ಎರಡು ದಿನ, ಎಲ್ಲ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ಏಡಿ ತೆಗೆದರು. ಕಪ್ಪು ಮೊಟ್ಟೆ. ಕಾಲು ಇನ್ನೂ ಆಡುತ್ತಿತ್ತು.

"ಇದು ಬೆಳಿಗ್ಗೆ ನಾಡದೋಣಿಯದ್ದು" ಎಂದರು. ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿ ಪಕ್ಕದ ಹುಡುಗನ ಕೈಗೆ ಕೊಟ್ಟರು. ಅವನ ಅಣ್ಣ ಮಧ್ಯಾಹ್ನ ದೋಣಿ ತೆಗೆಯುವವನಂತೆ. ಅದರ ದುಡ್ಡು ನಾನು ಕೊಡುತ್ತೇನೆ ಎಂದೆ. ಅಕ್ಕ ತೆಗೆದುಕೊಳ್ಳಲಿಲ್ಲ.

ಸುಕ್ಕಕ್ಕೆ ಗಂಡು ಏಡಿ ಐದು ತಂದಿದ್ದೇನೆ. ಕಾಯಿ ಹುರಿಯಲು ಇಟ್ಟು ಇದನ್ನು ಬರೆಯುತ್ತಿದ್ದೇನೆ. ಎಣಿಸುವುದಕ್ಕೆ ನನ್ನ ಹೆಸರೂ ಸೇರಿಸಿ, ಕಾಪು ಬೀಚಿನ ದೀಪಸ್ತಂಭದ ಹತ್ತಿರ.